ಕಳೆದುಹೋದ ತಾಯಿ, ಓದದ ಜಾಹೀರಾತು

ಸೋಮವಾರ ಸಂಜೆಯಿಂದ ಬುಧವಾರ ಬೆಳಿಗ್ಗೆಯವರೆಗೆ ಒಬ್ಬ ಅಜ್ಜಿಯನ್ನು ನಾವು ಹನ್ನೊಂದು ಸಲ ಗಂಡನ ಹೆಸರು ಕೇಳಿದೆವು. (ಲೆಕ್ಕ ನನ್ನ ದಿನಚರಿಯಲ್ಲಿದೆ.) ಹನ್ನೊಂದು ಸಲವೂ ಆಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ನಾವು ಎಂದರೆ ನಾನು ಮತ್ತು ನನ್ನ ಕೋಣೆಯ ಜೊತೆಗಾರ ಶ್ರೀಪಾದ. ಧಾರವಾಡದವರು, ಪುಣೆಯಲ್ಲಿ ಕಾರಕೂನರು. ಅವನು ಸರಕಾರಿ ಆಫೀಸಿನಲ್ಲಿ, ನಾನು ಒಬ್ಬ ವಕೀಲರ ಬಳಿ. ಅಜ್ಜಿ ಶ್ರೀಪಾದನಿಗೆ ಸ್ಟೇಶನ್ನಿನಲ್ಲಿ ಸಿಕ್ಕವಳು. ಜೇಜುರಿಯ ಮಲ್ಲಯ್ಯನ ಜಾತ್ರೆಯ ಗದ್ದಲದಲ್ಲಿ ಜೊತೆಯವರನ್ನು ಕಳೆದುಕೊಂಡು, ಯಾರೋ ಹತ್ತಿಸಿದ ರೈಲಿನಲ್ಲಿ ಬಂದು ಇಳಿದಿದ್ದಳು. ಮರಾಠಿ ಬಾರದು. ಪೊಲೀಸ್ ಚೌಕಿಗೆ ಕರೆದೊಯ್ದರೆ ಹೊಸ್ತಿಲು ತುಳಿಯಲಿಲ್ಲ.

"ಮನಿ ಎಲ್ಲಮ್ಮಾ?"

"ಅರಿಬಿ ಅಂಗಡಿ ಮ್ಯಾಲ, ತಮ್ಮಾ."

ಪುಣೆಯಲ್ಲಿ ಬಟ್ಟೆ ಅಂಗಡಿಗಳಿಗೇನು ಬರವೇ? ಅಂಗಡಿಗೆ ಗಂಡನ ಹೆಸರಂತೆ, ಹೇಳುವ ಹಾಗಿಲ್ಲ. ಮಗನ ಹೆಸರಾದರೂ? "ಅಯ್ಯ, ಅವಂಗ ನಮ್ಮ ಮಾವನ ಹೆಸರಿಟ್ಟೇವಿ. ನಾ ಹೆಂಗ ಅನ್ನಲಿ?"

ಎರಡು ರಾತ್ರಿ ಆಕೆಯನ್ನು ಕೆಳಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವರು, ಮಲಗಿಸಿಕೊಂಡರು. ಬುಧವಾರ ಬೆಳಿಗ್ಗೆ ನಮ್ಮ ಪೇಚಾಟ ನೋಡಿ ಕಾಕು ನಕ್ಕರು. ಹೆಂಗಸರನ್ನು ಹೀಗೆ ಕೇಳುತ್ತಾರೆಯೇ? ಅಜ್ಜಿಯ ಹಣೆಗೆ ಕುಂಕುಮವಿಟ್ಟು, "ಉಖಾಣಾ ಘ್ಯಾ!" ಎಂದರು. ಒಡಪು ಹಾಕಿ, ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿ ಹೇಳಬೇಕಂತೆ ಎಂದು ಶ್ರೀಪಾದ ತಿಳಿಸಿದ. ಅಜ್ಜಿ ತಕ್ಷಣ ನೆಟ್ಟಗೆ ಕುಳಿತಳು.

"ಮಲ್ಲಯ್ಯನ ಗುಡ್ಡಕ್ಕ ಭಂಡಾರದ ಬಣ್ಣ, ಗುರುಪಾದಪ್ಪನವರ ಮನಿಗೆ ಕರಕೊಂಡು ಹೋಗಣ್ಣ!"

ಒಡಪಿನಲ್ಲಿ ಹೆಸರು ಹೇಳಬಹುದು ಎಂಬುದು ಇಬ್ಬರು ಕಲಿತ ಗಂಡಸರಿಗೆ ಹೊಳೆಯಲೇ ಇಲ್ಲ. ರವಿವಾರ ಪೇಟೆಯಲ್ಲಿ ಗುರುಪಾದಪ್ಪ ಅಂಡ್ ಸನ್ಸ್ ಎಂಬ ಬೋರ್ಡನ್ನು ಶ್ರೀಪಾದ ದಿನಾ ನೋಡುತ್ತಿದ್ದ. ಒಂಬತ್ತಕ್ಕೆ ಅಲ್ಲಿದ್ದೆವು.

ಅಂಗಡಿಯ ಸಾವಕಾರರು, ಅಜ್ಜಿಯ ಮಗ, ತಾಯಿಯ ಕಾಲು ಹಿಡಿದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: "ಪೇಪರದಾಗ ನೋಡಿ ಬಂದ್ರೇನ್ರಿ?"

"ಯಾವ ಪೇಪರ್ರಿ? ಇವತ್ತಿಂದು ಇನ್ನೂ ಮುಟ್ಟೇ ಇಲ್ಲ" ಎಂದ ಶ್ರೀಪಾದ.

ಮಧ್ಯಾಹ್ನ ಆಫೀಸಿನಲ್ಲಿ ಪೇಪರ್ ಬಿಚ್ಚಿದೆ. ಮೂರನೆಯ ಪುಟದಲ್ಲಿ ಅಂದೇ ಮೊದಲ ಸಲ ಬಂದ ಜಾಹೀರಾತು. 'ನಮ್ಮ ತಾಯಿಯನ್ನು ಮನೆಗೆ ತಲುಪಿಸಿದವರಿಗೆ ನಮ್ಮ ವಾಡೆಯಲ್ಲಿ ಒಂದು ಕೋಣೆ, ಒಂದು ವರ್ಷ, ಬಾಡಿಗೆಯಿಲ್ಲದೆ.'

ಯುದ್ಧ ಶುರುವಾಗಿ ಊರು ತುಂಬಿದ ಮೇಲೆ ಪುಣೆಯಲ್ಲಿ ಕೋಣೆ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಶ್ರೀಪಾದನ ಹೆಂಡತಿ ಐದು ತಿಂಗಳ ಕೂಸಿನೊಂದಿಗೆ ಧಾರವಾಡದಲ್ಲಿದ್ದಳು. ಕೂಸಿನ ಮುಖವನ್ನು ಅವನು ನೋಡಿದ್ದು ಒಂದೇ ಸಲ. ಅವನು ಆವರೆಗೆ ವಿಚಾರಿಸಿದ ಕೋಣೆಗಳು ಇಪ್ಪತ್ಮೂರು.

ಸಂಜೆಯೇ ಓಡಿದ. ಸಾವಕಾರರು ಪೇಢೆ ಕೊಟ್ಟರು, ಧೋತರದ ಜೋಡಿ ಕೊಟ್ಟರು. ಕೋಣೆ? "ವಕೀಲರನ್ನ ಕೇಳೇನ್ರಿ. ಜಾಹೀರಾತು ನೋಡಿ ತಂದವರಿಗಷ್ಟ ಹಕ್ಕಂತ."

ನಮ್ಮ ವಕೀಲರೂ ಅದನ್ನೇ ಹೇಳಿದರು. 'ಹೊಸ ಸೀರೆಗಳು ಬಂದಿವೆ' ಎಂಬ ಜಾಹೀರಾತು ಬರೀ ಕರೆ. ನೀವು ಹೋದರೂ ಅಂಗಡಿಯವನು ಮಾರಲೇಬೇಕೆಂದಿಲ್ಲ. 'ಇಂಥದ್ದು ಮಾಡಿದವರಿಗೆ ಇಂಥದ್ದು ಕೊಡುತ್ತೇನೆ' ಎಂದರೆ ಅದು ಊರಿಗೆಲ್ಲ ಇಟ್ಟ ಪ್ರಸ್ತಾಪ. ಕೆಲಸ ಮಾಡಿದರೆ ಅದೇ ಒಪ್ಪಿಗೆ, ಕಾಗದ ಪತ್ರ ಬೇಕಿಲ್ಲ, ಕರಾರು ಆಗಿಹೋಯಿತು. ಆದರೆ ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪುವುದು ಹೇಗೆ?

ತರ್ಕ ಸರಿಯಾಗಿದೆ. ಕೋಣೆಯ ಆಸೆಗೆ ಅಜ್ಜಿಯನ್ನು ಕರೆತಂದಿದ್ದರೆ ಶ್ರೀಪಾದನಿಗೆ ಕೋಣೆ ಸಿಗುತ್ತಿತ್ತು. ಆಸೆಯಿಲ್ಲದೆ ತಂದ, ಕೆಟ್ಟ.

ಆ ರಾತ್ರಿ ಅವನು ನನ್ನ ದಿನಚರಿಯ ಮೇಲೆ ಕೈಯಿಟ್ಟ. "ಪೇಪರ್ ಬೆಳಿಗ್ಗೆ ಓದಿದ್ವಿ ಅಂತ ಬರದಬಿಡೋ, ಸಾಕ್ಷಿ ಆಗತದ. ಸಾವಕಾರರ ಮುಂದ ಗಡಿಬಿಡಿಯೊಳಗ ಏನೋ ಅಂದೆ ಅಂತೀನಿ."

"ಒಂದು ಸಾಲು ತಿದ್ದಿದರ ಉಳಿದದ್ದನ್ನ ಯಾರು ನಂಬಬೇಕು?"

"ನಿನ್ನ ಡೈರಿಗೆ ಹೆಂಡತಿ ಇಲ್ಲ, ಕೂಸಿಲ್ಲ. ಅದಕ್ಕ ಇಷ್ಟು ಖರೆ ಮಾತಾಡತದ."

ತಿದ್ದಲಿಲ್ಲ. ಮೂರು ದಿನ ಮಾತಿರಲಿಲ್ಲ.

ಭಾನುವಾರ ಅಜ್ಜಿ ಇಬ್ಬರನ್ನೂ ಊಟಕ್ಕೆ ಕರೆಸಿದಳು. ಶ್ರೀಪಾದನಿಗೆ ಹೋಳಿಗೆ ಬಡಿಸುತ್ತ, "ಹೆಂಡತಿನ್ನ ಎಂದ ಕರಕೊಂಡು ಬರ್ತೀಯೋ ತಮ್ಮಾ? ಕೋಣಿ ಸಾರಿಸಿಡಸ್ತೀನಿ" ಎಂದಳು. ಸಾವಕಾರರು ಕೆಮ್ಮಿ, ಕಾನೂನನ್ನು ತಾಯಿಗೆ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು.

ಅಜ್ಜಿ ಪೂರ್ತಿ ಕೇಳಿದಳು. "ಆ ಜಾಹೀರಾತು ಇವತ್ತಿನ ಪೇಪರದಾಗೂ ಐತಲ್ಲ? ಸೊಸಿ ಓದಿ ಹೇಳಿದಳು."

"ಒಂದು ವಾರದ ರೊಕ್ಕ ಮೊದಲ ಕೊಟ್ಟಿದ್ದೆ, ಅವ್ವಾ. ನಿಲ್ಲಸೋದು ಮರತೆ."

ಅಜ್ಜಿ ಹೋಳಿಗೆಯ ಬುಟ್ಟಿ ಕೆಳಗಿಟ್ಟು ಶ್ರೀಪಾದನ ಕಡೆ ತಿರುಗಿದಳು.

"ಹಂಗಾರ ತಮ್ಮಾ, ಪೇಪರ್ ಪೂರ್ತಿ ಓದು. ಈ ಸಂಜಿ ರೈಲಿಗೆ ನಾ ಮತ್ತ ಜೇಜುರಿಗೆ ಹೊಂಟೇನಿ, ಕಳಕೊಳ್ಳಾಕ. ಈ ಸಲ ಕಾನೂನ್ ಪ್ರಕಾರ ಹುಡುಕಿ ಕರಕೊಂಡು ಬಾ."

ಇದಕ್ಕೆ ಕಾನೂನು ಏನನ್ನುತ್ತದೆಂದು ಸಾವಕಾರರು ವಕೀಲರನ್ನು ಕೇಳಲು ಹೋಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ಕೋಣೆಯ ಕೀಲಿಕೈ ತರಲು ಹೋದರು.