ಪುಸ್ತಕದಲ್ಲಿಲ್ಲದ ನಿಯಮ

ಶಿವಾಜಿನಗರದ ಲ್ಯಾಬೊಂದರಲ್ಲಿ ರಕ್ತದ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುವ ಹಂಸಳಿಗೆ ಭಾನುವಾರವೂ ಅದೇ ಚಾಳಿ. ಕುಕ್ ಟೌನಿನ ನಮ್ಮ ಮನೆಯಲ್ಲಿ ಒಂದಿಷ್ಟು ಜನ ಸೇರಿ, ದಾಳ ಉರುಳಿಸುತ್ತಾ, ತಲೆಗೊಂದು ಪಾತ್ರ ಹಿಡಿದು ಕಥೆ ಕಟ್ಟುವ ಆಟ ಆಡುತ್ತೇವೆ. ಕಥೆ ನಡೆಸುವವನು ನಾನು. ಮನೆಯಲ್ಲಿ ನನ್ನ ಮಾತು ನಡೆಯುವುದು ಆ ಮೂರು ಗಂಟೆ ಮಾತ್ರ. ಆಟದ ನಿಯಮಗಳನ್ನೆಲ್ಲ ಹಂಸ ಒಂದು ವೆಬ್‌ಸೈಟಿನಲ್ಲಿ ಜೋಡಿಸಿದ್ದಾಳೆ. ಪ್ರತಿ ಮಂತ್ರ, ಪ್ರತಿ ರಾಕ್ಷಸನ ತಲೆಯ ಮೇಲೂ ಚೀಟಿ: ‘ಮೂಲ ಪುಸ್ತಕದ್ದು, ಇಂಥ ಪುಟ’ ಅಥವಾ ‘ಆಟಗಾರರು ಸೇರಿಸಿದ್ದು, ಇಂಥವರು’. ಬೇರೆ ತಂಡಗಳೂ ಅದನ್ನೇ ನಂಬಿ ಆಡುತ್ತವೆ.

ಮೊನ್ನೆ ಇಂದಿರಾನಗರದ ತಂಡವೊಂದು ಕೇಳಿತು: ಜೊತೆಗಾರರು ತಮ್ಮ ಅರ್ಧ ಪ್ರಾಣ ಹಂಚಿದರೆ ಸತ್ತ ಪಾತ್ರ ಮತ್ತೆ ಏಳುವ ನಿಯಮ ಯಾವ ಪುಟದಲ್ಲಿದೆ? ಹಂಸ ಪುಸ್ತಕವನ್ನು ಎರಡು ಸಲ ಜಾಲಾಡಿ, ಭಾನುವಾರ ಆಟದ ನಡುವೆ ಟೀ ಮಾಡಲು ಎದ್ದ ನನ್ನನ್ನು ಅಡುಗೆಮನೆಯಲ್ಲಿ ಹಿಡಿದಳು.

“ಅಂಕಲ್, ನೀವೇ ಪುಸ್ತಕದ್ದು ಅಂದಿದ್ರಿ.”

“ಅಂದಿದ್ದೆ. ಪುಟ ಸಿಗ್ತಿಲ್ವಾ?”

“ಇದ್ರೆ ತಾನೇ ಸಿಗೋದು?”

ಒಪ್ಪಿಕೊಂಡೆ. ಗಂಡ ತೀರಿಕೊಂಡ ಮೇಲೆ ನಮ್ಮ ತಂಡದ ಜಹನಾರಾ ಮೊದಲ ಸಲ ಆಟಕ್ಕೆ ಬಂದ ದಿನ, ಅವರ ಪಾತ್ರವಾದ ದೋಣಿಯವಳು ಅರ್ಧ ಗಂಟೆಯಲ್ಲೇ ಬಾಣ ತಗುಲಿ ಸತ್ತಳು. ಅವರ ಮುಖ ನೋಡಲಾಗದೆ ಆ ನಿಯಮ ಹುಟ್ಟಿಸಿದ್ದೆ.

“ಹಾಗೇ ಬಿಟ್ಬಿಡಮ್ಮ. ಕನಿಕರಕ್ಕೆ ಮಾಡಿದ್ದು ಅಂತ ಗೊತ್ತಾದ್ರೆ ಬರೋದನ್ನೇ ನಿಲ್ಲಿಸ್ತಾರೆ.”

“ಬಿಡೋಕಾಗಲ್ಲ. ಆದ್ರೆ ಅವರು ಅದನ್ನ ಸೈಟಲ್ಲಿ ಓದಿ ತಿಳ್ಕೊಳ್ಳೋದೂ ಬೇಡ,” ಎಂದವಳು ನೇರ ಆಟದ ಮೇಜಿಗೆ ಹೋಗಿ ಜಹನಾರಾ ಪಕ್ಕ ಕೂತು ಎಲ್ಲ ಹೇಳಿದಳು. ನಾನು ಬಾಗಿಲ ಹಿಂದೆ ನಿಂತು, ಆಗಲೇ ಸೋಸಿದ್ದ ಟೀಯನ್ನು ಇನ್ನೊಮ್ಮೆ ಸೋಸಿದೆ.

ಜಹನಾರಾ ದಾಳ ಕೆಳಗಿಟ್ಟರು. “ಅಂದ್ರೆ ನನ್ನ ದೋಣಿಯವಳು ಅವತ್ತೇ ಹೋಗ್ಬಿಟ್ಟಿದ್ಲು?”

“ಹೌದು ಆಪಾ.”

“ಮತ್ತೆ ಈ ಎಂಟು ತಿಂಗಳು ಆಡಿದ್ದು?”

“ಅದು ನೀವೇ ಆಡಿದ್ದು. ಅದಕ್ಕೆ ಬೇರೆ ಯಾರ ಹೆಸರೂ ಹಾಕೋಕಾಗಲ್ಲ.”

ಜಹನಾರಾ ಬಾಗಿಲ ಕಡೆ ತಿರುಗಿದರು. “ಏನ್ರೀ ಸುಳ್ಳುಗಾರರೇ, ಬನ್ನಿ ಈಚೆ!” ಬಂದೆ. “ಹಂಸ, ಸರಿಯಾಗಿ ಬರಿ. ಯಾರು ಮಾಡಿದ್ದು, ಯಾರಿಗೋಸ್ಕರ, ಎರಡೂ ಹಾಕು. ನನ್ನ ಹೆಸರು ಪೂರ್ತಿ ಇರ್ಲಿ.”

ಹಂಸ ಫೋನಿನಲ್ಲೇ ತಿದ್ದಿದಳು: ‘ಪುಸ್ತಕದ್ದಲ್ಲ. ಕುಕ್ ಟೌನಿನ ಅಂಕಲ್, ಜಹನಾರಾ ಬೇಗಂ ಅವರಿಗೋಸ್ಕರ ಹುಟ್ಟಿಸಿದ್ದು.’

ಜಹನಾರಾ ಕನ್ನಡಕ ಏರಿಸಿ ಎರಡು ಸಲ ಓದಿದರು. ಕಣ್ಣೊರೆಸಿಕೊಂಡು ದಾಳ ಎತ್ತಿಕೊಂಡರು. “ಈಗ ಯಾರ ಸರದಿ?”

“ನಿಮ್ಮದೇ,” ಎಂದೆ.

ಹಂಸ ಅನುಮಾನದಿಂದ ನನ್ನತ್ತ ಕಣ್ಣು ಕೆಕ್ಕರಿಸಿದಳು. ಆದರೆ ಈ ಸಲ ನಾನು ಹೇಳಿದ್ದು ನಿಜವಾಗಿತ್ತು.