ಅಜ್ಜಿ ನನ್ನ ಸಬ್ಜೆಕ್ಟ್ ಆದದ್ದು

ಈ ಸಂಗತಿಯನ್ನು ಹೇಳಹೊರಟಾಗಲೆಲ್ಲ ನಾನು ಕೊನೆಯಿಂದ ಶುರು ಮಾಡಿಬಿಡುತ್ತೇನೆ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಲಿಕೇಶಿನಗರದ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಮನಶ್ಶಾಸ್ತ್ರ ಮತ್ತು ಸಂಗೀತ ನನ್ನ ವಿಷಯಗಳು. ಹಿಂದಿನ ವರ್ಷ ಮನಶ್ಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದೆ. ಈ ಸಲವೂ ಹೋದರೆ ಎರಡನ್ನೂ ಬಿಟ್ಟು ಟೈಪಿಂಗ್ ಕಲಿಯಬೇಕೆಂದು ಅಪ್ಪ ಹೇಳಿಯಾಗಿತ್ತು. ನನಗೆ ಎಂ.ಎ. ಮಾಡುವ ಆಸೆ ಇತ್ತು.

ಆ ಪರೀಕ್ಷೆಗೆ ಪ್ರತಿಯೊಬ್ಬರೂ ಹೊರಗಿನ ಒಬ್ಬ ವ್ಯಕ್ತಿಯನ್ನು ಕರೆತರಬೇಕು. ಪ್ರಯೋಗ ನಡೆಯುವುದು ಅವರ ಮೇಲೆ. ಅವರನ್ನು ಸಬ್ಜೆಕ್ಟ್ ಅನ್ನುತ್ತಿದ್ದೆವು. ಪ್ರಯೋಗದ ಉದ್ದೇಶವನ್ನು ಅವರಿಗೆ ಹೇಳಬಾರದು. ನಾನು ಹೊರಮಾವಿನಿಂದ ಅಜ್ಜಿಯನ್ನು ಪರೀಕ್ಷೆಗೆ ಮೊದಲೇ ನಮ್ಮ ಮನೆಗೆ ಕರೆತಂದೆ.

ನನ್ನ ಪ್ರಯೋಗ ಹೀಗಿತ್ತು. ಜೋಡಿ ಗೆರೆಗಳಲ್ಲಿ ಬರೆದ ಒಂದು ನಕ್ಷತ್ರ. ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು, ಆದರೆ ಕೈಗೆ ಹಲಗೆ ಅಡ್ಡ ಇರುತ್ತದೆ, ಎದುರಿನ ಕನ್ನಡಿಯಲ್ಲಿ ನೋಡಿಯೇ ಎಳೆಯಬೇಕು. ಪೆನ್ಸಿಲ್ ಗೆರೆ ಮುಟ್ಟಿದರೆ ಒಂದು ತಪ್ಪು. ಮೊದಲ ಸಲ ಕೂತವರ ಕೈ ಮುಂದಕ್ಕೆ ಹೋಗು ಎಂದರೆ ಹಿಂದಕ್ಕೆ ಬರುತ್ತದೆ. ಐದು ಸಲ ಮೌನದಲ್ಲಿ, ಐದು ಸಲ ಸಂಗೀತ ಕೇಳುತ್ತಾ ಎಳೆಸಿ, ಸಂಗೀತದಿಂದ ತಪ್ಪು ಕಡಿಮೆಯಾಗುತ್ತದೆ ಎಂದು ತೋರಿಸುವುದು ನನ್ನ ಕೆಲಸ. ಹಾಡುವುದೂ ನಾನೇ.

ಇಲ್ಲಿ ನನ್ನ ತಪ್ಪನ್ನು ಸ್ಪಷ್ಟವಾಗಿ ಹೇಳಬೇಕು. ಉದ್ದೇಶ ಹೇಳಬಾರದು ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದೆ. ಆದರೆ ಪರೀಕ್ಷೆ ಎಂದ ಕೂಡಲೇ ಅಜ್ಜಿ, "ಅಭ್ಯಾಸ ಮಾಡ್ದೆ ಬಂದು ನಾಕು ಜನದ ಮುಂದೆ ಮಾನ ಕಳ್ಕೊಳಲ್ಲ ಕಣೇ," ಅಂದಳು. ನಮ್ಮ ಮನೆಯಲ್ಲಿ ಪರೀಕ್ಷೆಯೆಂದರೆ ಮೊದಲೇ ತಯಾರಾಗುವುದು ಎಂದೇ ಅರ್ಥ. ನಾನೂ ಬೇರೆ ಯೋಚಿಸಲಿಲ್ಲ. ಹದಿನೈದು ದಿನ, ಊಟವಾದ ಮೇಲೆ, ಬೀರುವಿನ ಕನ್ನಡಿಯ ಮುಂದೆ ಅವಳಿಗೆ ನಕ್ಷತ್ರ ಎಳೆಸಿದೆ.

ಪರೀಕ್ಷೆಯ ದಿನ ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದಳು. ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ನಮ್ಮ ಮೇಜಿನ ಬಳಿಯೇ ನಿಂತರು. ನಾನು ಸ್ಟಾಪ್‌ವಾಚ್ ಒತ್ತಿದೆ. ಅಜ್ಜಿ ಇಪ್ಪತ್ತೆರಡು ಸೆಕೆಂಡಿನಲ್ಲಿ ನಕ್ಷತ್ರ ಮುಗಿಸಿ ಪೆನ್ಸಿಲ್ ಕೆಳಗಿಟ್ಟಳು. ತಪ್ಪು ಸೊನ್ನೆ. ಎರಡನೆಯ ಸಲವೂ ಸೊನ್ನೆ. ಐದೂ ಸೊನ್ನೆ.

ಕಡಿಮೆಯಾಗಲು ತಪ್ಪೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ಶ್ರುತಿಪೆಟ್ಟಿಗೆ ಹಾಕಿ ಮೋಹನ ರಾಗ ಶುರು ಮಾಡಿದೆ. ಅಜ್ಜಿಯ ಪೆನ್ಸಿಲ್ ಮೊದಲ ಮೂಲೆಯಲ್ಲೇ ಗೆರೆ ದಾಟಿತು. ಮತ್ತೆ ದಾಟಿತು. ಆ ಐದು ಸಲದಲ್ಲಿ ಒಟ್ಟು ಹತ್ತೊಂಬತ್ತು ತಪ್ಪು.

"ಏನಾಯ್ತಜ್ಜಿ?" ಎಂದು ಪರೀಕ್ಷಕಿ ಕೇಳಿದರು.

"ಇವಳು ಶ್ರುತಿ ಬಿಟ್ಟಾಗೆಲ್ಲ ನನ್ನ ಕೈ ಜಾರ್ತದೆ ಮೇಡಮ್ಮೋರೆ. ಸುಮ್ಕಿದ್ದಾಗ ಚೆನ್ನಾಗೇ ಮಾಡ್ದೆನಲ್ಲ."

ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಪ್ರಯೋಗ ಮುಗಿದ ಮೇಲೆ ಸಬ್ಜೆಕ್ಟ್ ತನಗೆ ಏನನ್ನಿಸಿತು ಎಂದು ಹೇಳಬೇಕು, ವಿದ್ಯಾರ್ಥಿ ಅದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ಅಜ್ಜಿ ನೆಟ್ಟಗೆ ಕೂತು ಹೇಳಿದಳು: "ಹದಿನೈದು ದಿವ್ಸ ಇವಳು ನನ್ನ ಕೈಲಿ ಇದನ್ನೇ ಗೀಚ್ಸವ್ಳೆ. ಕಣ್ಣು ಮುಚ್ಕೊಂಡೂ ಎಳಿತೀನಿ. ಬರ್ಕೊ."

ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತೆ. ಪರೀಕ್ಷಕಿ ನನ್ನ ಪೆನ್ನನ್ನೇ ನೋಡುತ್ತಿದ್ದರು. ಒಂದಕ್ಷರವೂ ಬಿಡದೆ ಬರೆದೆ.

ಅವರು ಓದಿದರು. "ಹಾಗಾದ್ರೆ ಇದು ಪ್ರಯೋಗವೇ ಅಲ್ಲ. ಯಾರಾದ್ರೂ ಹದಿನೈದು ದಿನ ಮಾಡಿದ್ರೆ ಬರುತ್ತೆ."

"ಬರ್ತದಾ?" ಅಂದಳು ಅಜ್ಜಿ. "ನೀವು ಎಷ್ಟು ವರ್ಸದಿಂದ ಇದನ್ನ ಹೇಳ್ಕೊಡ್ತಾ ಇದ್ದೀರಿ?"

"ಇಪ್ಪತ್ತು."

"ಹಂಗಾರೆ ನಿಮ್ಗೆ ನನಗಿಂತ ಚೆನ್ನಾಗಿ ಬರ್ಬೇಕು. ಕೂತ್ಕೊಳಿ ಮತ್ತೆ, ನೋಡಣ."

ನಾನು ಅಜ್ಜಿಯ ಸೆರಗು ಎಳೆದೆ. ಅವಳು ಸೆರಗು ಬಿಡಿಸಿಕೊಂಡು ಕುರ್ಚಿಯಿಂದ ಎದ್ದಳು. ಇಡೀ ಲ್ಯಾಬ್ ಪೆನ್ಸಿಲ್ ನಿಲ್ಲಿಸಿತ್ತು. ಪರೀಕ್ಷಕಿ ಬಳೆಗಳನ್ನು ಮೇಲಕ್ಕೆ ಸರಿಸಿ ಕೂತರು. ನಾನು ಸ್ಟಾಪ್‌ವಾಚ್ ಒತ್ತಿದೆ, ಹಾಡಲಿಲ್ಲ. ಅಜ್ಜಿ ಅವರ ಭುಜದ ಹಿಂದೆ ನಿಂತು ಎಣಿಸಿದಳು. "ಒಂದು. ಎರಡು. ಅಯ್ಯೋ ಆ ಕಡೆ ಅಲ್ಲ ತಾಯಿ, ಈ ಕಡೆ. ಮೂರು." ಅವರು ಮುಗಿಸಿದಾಗ ತಪ್ಪು ಹದಿನಾಲ್ಕಾಗಿತ್ತು, ಎರಡು ನಿಮಿಷ ಕಳೆದಿತ್ತು.

"ನಾನು ಮಾಡಿಸ್ತಿದ್ದೆ. ನಾನು ಕೂತು ಮಾಡಿದ್ದು ಓದುವಾಗ ಒಂದ್ಸಲ, ಅಷ್ಟೇ," ಎಂದರು, ಯಾರಿಗೂ ಹೇಳದವರಂತೆ.

ನಂತರ ನನ್ನ ಉತ್ತರಪತ್ರಿಕೆ ಎಳೆದುಕೊಂಡು, 'ಕಲಿಕೆಯ ಮೇಲೆ ಸಂಗೀತದ ಪರಿಣಾಮ' ಎಂಬ ತಲೆಬರಹಕ್ಕೆ ಕೆಂಪು ಗೆರೆ ಎಳೆದು, ಮೇಲೆ 'ಕಲಿಕೆಯ ಮೇಲೆ ಅಭ್ಯಾಸದ ಪರಿಣಾಮ' ಎಂದು ಬರೆದರು. "ಅಭ್ಯಾಸ ಇರೋರು ಒಬ್ರು, ಇಲ್ಲದೋರು ಒಬ್ರು. ಈಗ ಹೋಲಿಸಬಹುದು. ಇಪ್ಪತ್ತು ನಿಮಿಷ ಇದೆ. ಪೀಠಿಕೆಯಿಂದ ಮತ್ತೆ ಬರಿ. ಮುಚ್ಚಿಟ್ಟು ಬರೆದಿದ್ರೆ ಇದನ್ನ ಹರಿದು ಹಾಕ್ತಿದ್ದೆ."

ನಾನು ಬರೆದೆ. ಎರಡನೆಯ ಸಬ್ಜೆಕ್ಟಿಗೆ ಏನನ್ನಿಸಿತು ಎಂಬುದನ್ನೂ ಬರೆಯಬೇಕಿತ್ತು. ಕೇಳಲು ಧೈರ್ಯ ಸಾಲದೆ ಪೆನ್ನು ಎತ್ತಿ ಅವರನ್ನು ನೋಡಿದೆ. "ಕೈ ನನ್ನ ಮಾತು ಕೇಳಲಿಲ್ಲ," ಎಂದು ಅವರು ನಿಧಾನವಾಗಿ ಹೇಳಿದರು. "ಹಿಂದೆ ನಿಂತು ಎಣಿಸುತ್ತಿದ್ದವರ ಮೇಲೆ ಸಿಟ್ಟು ಬಂತು." ಅದನ್ನೂ ಹಾಗೇ ಬರೆದೆ. ಅವರು ಸಹಿ ಹಾಕಿದರು.

"ಪಾಸ್ ಮಾಡಿದ್ರಾ?" ಅಂದಳು ಅಜ್ಜಿ.

"ಅದನ್ನ ಈಗ ಹೇಳೋ ಹಾಗಿಲ್ಲ ಅಜ್ಜಿ."

"ಹಂಗಾರೆ ಪಾಸು. ಫೇಲಾಗಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ರಿ."

ಫಲಿತಾಂಶ ಬಂದಾಗ ಪಾಸಿಗೆ ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚಿತ್ತು. ಅಪ್ಪ ಟೈಪಿಂಗಿನ ಮಾತು ಮತ್ತೆ ಎತ್ತಲಿಲ್ಲ. ಆದರೆ ಅದಕ್ಕೂ ಮೊದಲು, ಈ ಪರೀಕ್ಷೆಯ ಮುಂದಿನ ವಾರವೇ, ಸಂಗೀತದ ಪ್ರಾಕ್ಟಿಕಲ್ ಇತ್ತು. ಅಜ್ಜಿ ಆ ದಿನವೂ ರೇಷ್ಮೆ ಸೀರೆ ತೆಗೆದಿಟ್ಟುಕೊಂಡಿದ್ದಳು. ಅವಳು ಸ್ನಾನಕ್ಕೆ ಹೋದಾಗ ನಾನು ಒಬ್ಬಳೇ ಬಸ್ ಹತ್ತಿದೆ.