ಜೂಲಿಗೆ ಬಣ್ಣ ಹಚ್ಚಿದವರು

ಸಂಕ್ರಾಂತಿ ಬಂತೆಂದರೆ ದಿಬ್ಬೂರಹಳ್ಳಿಯ ಆವಲಪ್ಪನಿಗೆ ಉಣ್ಣಲೂ ಪುರುಸೊತ್ತಿರುತ್ತಿರಲಿಲ್ಲ. ಸಂಜೆ ಕಿಚ್ಚು ಹಾಯಿಸುವುದರೊಳಗೆ ಊರಿನ ದನವೆಲ್ಲ ಅವನ ಕೈಗೆ ಬಂದು ಹೋಗಬೇಕು. ಮೈಗೆ ಅರಿಶಿನ, ಕೊಂಬಿಗೆ ಕೆಂಪು ಹಸಿರು ಪಟ್ಟೆ, ಕಡೆಗೆ ಹಣೆಯ ಮೇಲೆ ಬೇವಿನ ಕಡ್ಡಿಯಲ್ಲಿ ಮೂರು ಕೆಂಪು ಬೊಟ್ಟು, ನಡುವಿನದು ಒಂದಿಷ್ಟು ದೊಡ್ಡದು. ಆ ಬೊಟ್ಟು ಬೀಳುವ ತನಕ ಯಾರೂ ಹಗ್ಗ ಬಿಚ್ಚುತ್ತಿರಲಿಲ್ಲ. ಅದೇನು ದೊಡ್ಡ ವಿದ್ಯೆಯೇ ಎನ್ನಬಹುದು. ಅರವತ್ತು ದಾಟಿದ ಆವಲಪ್ಪನಿಗೆ ಊರಲ್ಲಿ ಹೆಸರು ಅಂತ ಇದ್ದದ್ದು ಅದೊಂದೇ.

ಆದರೆ ಹೋದ ವರ್ಷ ಎತ್ತುಗಳೇ ಕಡಿಮೆ. ಎಲ್ಲರ ಮನೆಯಲ್ಲೂ ಸೀಮೆ ಹಸು, ಅವಕ್ಕೆ ಕರುವಾಗಿದ್ದಾಗಲೇ ಕೊಂಬು ಸುಡಿಸಿಬಿಟ್ಟಿರುತ್ತಾರೆ. ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ಕೆಂಪು ಪೇಂಟು ಅರ್ಧ ಡಬ್ಬಿ ಉಳಿದಿತ್ತು, ಕೈ ಸುಮ್ಮನಿರಲೊಲ್ಲದು. ಎದುರುಮನೆಯ ಪದ್ಮಶ್ರೀ ಟೀಚರು ಹಬ್ಬಕ್ಕೆ ತೌರಿಗೆ ಗೌರಿಬಿದನೂರಿಗೆ ಹೋಗುತ್ತಾ ತಮ್ಮ ನಾಯಿ ಜೂಲಿಯನ್ನು ಇವರಲ್ಲಿ ಬಿಟ್ಟಿದ್ದರು. ಹತ್ತಿಯಂಥ ಬಿಳಿ ಕೂದಲಿನ ಪುಟ್ಟ ನಾಯಿ. ಜಗಲಿಯ ಮೇಲೆ ಮಲಗಿ ಅವನನ್ನೇ ನೋಡುತ್ತಿತ್ತು.

ಹಬ್ಬದ ದಿನ ಮನೆಯಲ್ಲಿರುವ ಯಾವ ಪ್ರಾಣಿಯೂ ಬರಿ ಮೈಯಲ್ಲಿರಬಾರದು ಎಂಬುದು ಅವನಪ್ಪನ ಕಾಲದ ಮಾತು. ಅವನಿಗೆ ಅದೊಂದು ನೆಪವಾಯಿತು. ಹೆಂಡತಿ ಅಮ್ಮಾಜಮ್ಮ ಕಡಲೆಕಾಯಿ ಬೇಯಿಸುತ್ತಿದ್ದವಳು ಅಡುಗೆಮನೆಯಿಂದಲೇ ಹೇಳಿದಳು.

"ಅದು ದನ ಅಲ್ಲ ಕಣಯ್ಯ. ನೆಕ್ಕೊಳ್ತದೆ. ಬ್ಯಾಡ."

"ಒಸಿ ಹಚ್ತೀನಿ ಇರೇ. ಟೀಚರಮ್ಮ ನೋಡಿ ನಗ್ಲಿ."

ಒಸಿ ಎಲ್ಲಿ ಬಂತು? ಬೆನ್ನಿಗೆ ಅರಿಶಿನ, ಪಕ್ಕೆಗೆ ಕೆಂಪು ಪಟ್ಟೆ, ಕಾಲಿಗೆ ಹಸಿರು ಬಳೆ, ಹಣೆಗೆ ಮೂರು ಬೊಟ್ಟು. ಬೀದಿಯವರೆಲ್ಲ ಬಂದು ನೋಡಿದರು, ಯಾರೋ ಫೋಟೋ ತೆಗೆದರು. ಯಾರು ಹಚ್ಚಿದ್ದೆಂದು ಯಾರೂ ಕೇಳಲಿಲ್ಲ, ಆವಲಪ್ಪ ಒಳಗೊಳಗೇ ಹಿಗ್ಗಿ ಹೋದ.

ಬೆಳಗ್ಗೆ ನೋಡಿದರೆ ಜೂಲಿ ಪಟ್ಟೆಗಳನ್ನೆಲ್ಲ ನೆಕ್ಕಿ ನೆಕ್ಕಿ ಜೊಲ್ಲು ಸುರಿಸುತ್ತಾ ಮೂಲೆಯಲ್ಲಿ ಬಿದ್ದಿತ್ತು. ಹೆಂಡತಿ ಎದ್ದು ಬರುವುದರೊಳಗೆ ಅಳಿಸಿಬಿಡೋಣವೆಂದು ಆವಲಪ್ಪ ಬ್ರಷ್ಷು ತೊಳೆಯುವ ಟರ್ಪೆಂಟೈನನ್ನು ಬಟ್ಟೆಗೆ ಹಾಕಿ ಉಜ್ಜಿದ. ಆ ಮೂಕಪ್ರಾಣಿ ಕಿರುಚಿದ್ದು ಮೂರು ಮನೆಗೆ ಕೇಳಿಸಿತು. ಪಕ್ಕೆಯ ಚರ್ಮ ಬೊಬ್ಬೆಯೆದ್ದಿತು, ಬಾಯಲ್ಲಿ ನೊರೆ ಬಂತು. ಅಮ್ಮಾಜಮ್ಮ ನಾಯಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು. ಅವನು ಹಿಂದೆ ಹತ್ತಿದ.

ಪಶು ಆಸ್ಪತ್ರೆಯ ಡಾಕ್ಟರು ಮೋಹನ್‌ಬಾಬು ಅವನಿಗೆ ಪರಿಚಯದವರೇ. ಕಾಲುಬಾಯಿ ಜ್ವರದ ಲಸಿಕೆಗೆಂದು ಬಂದಾಗ, ನಿಮ್ಮ ಮನೆ ದನ ನೋಡಿ ಬೇರೆಯವರು ಕಲೀಬೇಕು ಎಂದು ಹತ್ತು ಜನರೆದುರು ಹೇಳಿದ್ದರು. ಈಗ ನಾಯಿಗೆ ಸುತ್ತಿದ್ದ ಸೀರೆ ಬಿಡಿಸಿ ನೋಡಿದವರೇ ಮುಖ ಗಂಟಿಕ್ಕಿದರು.

"ಯಾರ್ರೀ ಇದನ್ನ ಮಾಡಿದ್ದು? ಪ್ರಾಣಿ ಹಿಂಸೆ ಇದು. ಕಾನೂನಿದೆ, ಗೊತ್ತಾ? ನಾಯಿ ಯಜಮಾನ್ರು ಕಂಪ್ಲೇಂಟ್ ಕೊಟ್ರೆ ಪೊಲೀಸ್ನೋರು ಮನೆ ಬಾಗಿಲಿಗೆ ಬರ್ತಾರೆ."

ಹಿಂಸೆ. ಜೀವಮಾನದಲ್ಲಿ ದನಕ್ಕೆ ಬಾರುಕೋಲು ಎತ್ತದವನು ಆವಲಪ್ಪ. ಆ ಮಾತು ತನಗೆ ಅಂಟುತ್ತದೆ ಎನ್ನುವುದನ್ನು ಅವನಿಂದ ತಾಳಲಾಗಲಿಲ್ಲ. ಬಾಯಿ ತಾನಾಗಿ ಆಡಿತು.

"ನಮ್ ಮನೆಯೋಳು ಸಾರ್. ಗೊತ್ತಾಗ್ದೆ ಹಚ್ಬಿಟ್ಳು."

ಅಮ್ಮಾಜಮ್ಮ ತಿರುಗಿ ಅವನನ್ನು ನೋಡಿದಳು. ಒಂದೇ ಸಲ ನೋಡಿದ್ದು. ಆಮೇಲೆ ಜೂಲಿಯ ಕಾಲು ಹಿಡಿದುಕೊಂಡು ನಿಂತಳು.

"ಏನಮ್ಮಾ, ವಯಸ್ಸಾಗಿದೆ, ಅಷ್ಟು ತಿಳಿಯಲ್ವಾ? ಏನು ಹಚ್ಚಿದ್ದು? ಸರಿಯಾಗಿ ಹೇಳಿದ್ರೆ ಔಷಧಿ ಕೊಡಬಹುದು."

"ಬರೀ ಅರಿಶಿನ ಸಾರ್," ಎಂದ ಆವಲಪ್ಪ. ಒಂದು ಸುಳ್ಳಾಡಿದ ಮೇಲೆ ಇನ್ನೊಂದು ಎಷ್ಟು ಸಲೀಸು ನೋಡಿ.

"ಅರಿಶಿನ ಅಲ್ಲ ಸ್ವಾಮಿ," ಎಂದಳು ಅಮ್ಮಾಜಮ್ಮ. "ಕೊಂಬಿಗೆ ಹಚ್ಚೋ ಆಯಿಲ್ ಪೇಂಟು. ಬೆಳಗ್ಗೆ ಟರ್ಪಂಟೇನು ಹಾಕಿ ಉಜ್ಜಿದ್ದು. ನಂದೇ ತಪ್ಪು. ಜೀವ ಉಳಿಸ್ಕೊಡಿ."

ಡಾಕ್ಟರು ಆಕೆಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಬೈಯುತ್ತಲೇ ಸೋಪುನೀರಲ್ಲಿ ತೊಳೆದರು, ಕೂದಲು ಬೋಳಿಸಿದರು, ಗ್ಲೂಕೋಸ್ ಏರಿಸಿದರು. ಇನ್ನು ಇಂಥದ್ದು ಮಾಡುವುದಿಲ್ಲವೆಂದು ಒಂದು ಕಾಗದ ಬರೆಸಿದರು. ಓದು ಬಾರದ ಅಮ್ಮಾಜಮ್ಮ ಹೆಬ್ಬೆಟ್ಟು ಒತ್ತಿದಳು. ಆ ನೀಲಿ ಶಾಯಿ ನಾಲ್ಕು ದಿನ ಹೋಗಲಿಲ್ಲ. ಆಕೆ ಮುದ್ದೆ ಕಟ್ಟಿ ತಟ್ಟೆಗೆ ಇಡುವಾಗ ಆವಲಪ್ಪ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೂರುತ್ತಿದ್ದ.

ಜೂಲಿ ಬದುಕಿತು. ಪದ್ಮಶ್ರೀ ಟೀಚರು ಅತ್ತರು, ವಾರ ಮಾತು ಬಿಟ್ಟರು, ಆದರೆ ಠಾಣೆಗೆ ಹೋಗಲಿಲ್ಲ. ಅಮ್ಮಾಜಮ್ಮ ಅವರ ಎದುರೂ ತಲೆ ತಗ್ಗಿಸಿ ನಿಂತಳು. ಆವಲಪ್ಪ ಅಲ್ಲೇ ಇದ್ದ, ಹೇಳಿಬಿಡಬಹುದಿತ್ತು. ನಾಳೆ ಹೇಳೋಣವೆಂದುಕೊಂಡ. ಆ ನಾಳೆ ಒಂದು ವರ್ಷಕ್ಕೆ ಬೆಳೆಯಿತು. ಊರವರಿಗೂ ಅದು ತಮಾಷೆಯ ಮಾತಾಯಿತು. ಅರಳಿಕಟ್ಟೆ ಮುಂದೆ ಇಬ್ಬರೂ ಹೋಗುತ್ತಿದ್ದರೆ ಯಾರಾದರೊಬ್ಬರು, "ಅಮ್ಮಾಜಮ್ಮಾ, ನಮ್ ಕೋಳಿಗೂ ಒಸಿ ಬಣ್ಣ ಹಚ್ಕೊಡಮ್ಮ" ಅನ್ನುವರು. ಆಕೆ ನಕ್ಕು ಮುಂದೆ ಹೋಗುವಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಹೆಂಡತಿ ಒಮ್ಮೆಯಾದರೂ ಜಗಳ ತೆಗೆದಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದ. ಆಕೆ ತೆಗೆಯಲಿಲ್ಲ.

ಈ ಸಲದ ಸಂಕ್ರಾಂತಿಗೆ ವೆಂಕಟರವಣಪ್ಪ ತನ್ನ ಜೋಡೆತ್ತು ಹಿಡಿದುಕೊಂಡು ಅವನ ಬಾಗಿಲಿಗೆ ಬಂದ. ಜತೆಗೆ ನಾಲ್ಕೈದು ಜನ. ಆವಲಪ್ಪ ಬ್ರಷ್ಷು ತೆಗೆದುಕೊಂಡು ಹೊರಗೆ ಬಂದ. ಕೂದಲು ತುಂಬಿಕೊಂಡು ಮೊದಲಿನಂತೆ ಆಗಿದ್ದ ಜೂಲಿ ಎದುರು ಗೇಟಿನಿಂದ ಬಾಲ ಆಡಿಸುತ್ತಾ ಓಡಿ ಬಂತು. ಅವನ ಕೈಯಲ್ಲಿದ್ದ ಬ್ರಷ್ಷು ಕಂಡಿತು. ಬಾಲ ಮುದುರಿಕೊಂಡು ಸರಕ್ಕನೆ ಬಾಗಿಲಲ್ಲಿ ನಿಂತಿದ್ದ ಅಮ್ಮಾಜಮ್ಮನ ಸೀರೆಯ ಹಿಂದೆ ಅವಿತುಕೊಂಡಿತು.

"ನೋಡ್ರಪ್ಪ," ಎಂದ ವೆಂಕಟರವಣಪ್ಪ, "ಬಣ್ಣ ಹಚ್ಚಿದೋಳ ಹಿಂದೇನೇ ಹೋಗಿ ಬಚ್ಚಿಟ್ಕೊಂಡದೆ."

ಎಲ್ಲರೂ ನಕ್ಕರು. ಆವಲಪ್ಪ ಬ್ರಷ್ಷನ್ನು ಡಬ್ಬಿಯ ಮೇಲೆ ಇಟ್ಟ.

"ಅವಳಲ್ಲ ಕಣಪ್ಪ. ನಾನು ಹಚ್ಚಿದ್ದು. ಉಜ್ಜಿದ್ದೂ ನಾನೇ. ಡಾಕ್ಟರ ಮುಂದೆ ಅವಳ ಮೇಲೆ ಹಾಕ್ಬಿಟ್ಟೆ."

ಯಾರೂ ಬೆರಗಾಗಲಿಲ್ಲ. ವೆಂಕಟರವಣಪ್ಪ ಎತ್ತಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ ಮೆಲ್ಲಗೆ ಹೇಳಿದ.

"ಗೊತ್ತು ಕಣಪ್ಪ. ನಾಯಿ ಹಣೆ ಮೇಲೆ ಮೂರು ಬೊಟ್ಟು ಇತ್ತಲ್ಲ. ಊರಲ್ಲಿ ಅದನ್ನ ಇಡೋನು ಇನ್ಯಾರಿದಾರೆ?"

ಆವಲಪ್ಪನಿಗೆ ಆಗ ಒಂದೊಂದೇ ನೆನಪಾಯಿತು. ಕೋಳಿಗೆ ಬಣ್ಣ ಹಚ್ಚು ಎಂದು ಅಮ್ಮಾಜಮ್ಮನನ್ನು ರೇಗಿಸಿದ್ದೆಲ್ಲ ತಾನು ಪಕ್ಕದಲ್ಲಿದ್ದಾಗಲೇ. ಅನ್ನುವಾಗ ಅವರ ಕಣ್ಣು ಆಕೆಯ ಮೇಲೆ ಇರುತ್ತಿರಲಿಲ್ಲ, ತನ್ನ ಮೇಲೆ ಇರುತ್ತಿತ್ತು. ವರ್ಷವಿಡೀ ಊರಿಗೆ ಊರೇ ಅವನನ್ನು ನೋಡುತ್ತಾ ಕಾದಿತ್ತು.

ಅವನು ಹೆಂಡತಿಯ ಕಡೆ ತಿರುಗಿದ. "ಇವರಿಗೆಲ್ಲ ಗೊತ್ತು ಅಂತ ನಿಂಗೆ ಗೊತ್ತಿತ್ತಾ?"

ಅಮ್ಮಾಜಮ್ಮ ಬಗ್ಗಿ ಜೂಲಿಯನ್ನು ಎತ್ತಿಕೊಂಡಳು.

"ಆಸ್ಪತ್ರೆಯಿಂದ ಬಂದ ದಿನಾನೇ ಕೇಳಿದ್ರು," ಎಂದಳು. "ನಮ್ಮೆಜಮಾನ್ರು ಹೇಳೋಗಂಟ ಯಾರೂ ಹೇಳ್ಬ್ಯಾಡಿ ಅಂದಿದ್ದೆ."